ಅಡಿಕೆ ‘ಅರೆಕಾ’ ಆದದ್ದು ಹೇಗೆ?

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅಡಿಕೆ ತೋಟ ಕಣ್ಣಿಗೆ ಬೀಳದ ಹಾದಿ ಅಪರೂಪ. ಮಳೆಗಾಲ ಕಳೆಯಿತೆಂದರೆ ಮನೆಯಂಗಳದಲ್ಲಿ ಹಣ್ಣಡಿಕೆ ಒಣಗಲು ಹರಡಿರುತ್ತದೆ. ಅಡಿಕೆ ಸುಲಿಯುವುದು, ಚಾಲಿಯಿಂದ ಪಟೋರ, ಕರಿಗೋಟುಗಳನ್ನು ಬೇರೆ ಮಾಡುವುದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಕೆಲಸ. ಇದೇ ಮಕ್ಕಳು ಕಾಲೇಜಿಗೆ ಹೋಗಿ ಸಸ್ಯವಿಜ್ಞಾನದ ಪಾಠ ಕೇಳುವಾಗ ತೆಂಗು, ತಾಳೆ, ಖರ್ಜೂರ, ಬೈನೆ, ಬೆತ್ತ ಎಲ್ಲವೂ ‘ಅರೆಕೇಸಿ’ ಎಂಬ ಕುಟುಂಬಕ್ಕೆ ಸೇರಿದವು ಎಂದು ಕಲಿಯುತ್ತಾರೆ. ಪರೀಕ್ಷೆಗಾಗಿ ಆ ಹೆಸರನ್ನು ಬಾಯಿಪಾಠವನ್ನೂ ಮಾಡುತ್ತಾರೆ. ಅಂಗಳದಲ್ಲಿ ಒಣಗುತ್ತಿರುವ ಅಡಿಕೆ ಮತ್ತು ಪಾಠಪುಸ್ತಕದ ಅರೆಕೇಸಿ ಒಂದೇ ಪದದ ಎರಡು ರೂಪಗಳು ಎಂಬುದು ನಿಮಗೆ ಗೊತ್ತೇ?

ಪುತ್ತೂರಿನವರಿಗೆ ಇನ್ನೊಂದು ಪುರಾವೆ ಹತ್ತಿರದಲ್ಲೇ ಇದೆ. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಅದರ ಚಾಕೊಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲಿದೆ. ಆ ಸಂಕ್ಷಿಪ್ತ ಹೆಸರಿನ ಎರಡನೆಯ ಇಂಗ್ಲಿಷ್ ಅಕ್ಷರವಾದ ‘ಎ’ ನಿಂತಿರುವುದು ‘ಅರೆಕಾನಟ್’ ಎಂಬ ಪದಕ್ಕೆ. ಅರೆಕಾ ಎಂಬ ಇಂಗ್ಲಿಷ್ ಪದ ನಮ್ಮ ಕರಾವಳಿಯಿಂದಲೇ ಹಡಗು ಹತ್ತಿ ಹೋಗಿ, ಪೋರ್ಚುಗೀಸ್, ಲ್ಯಾಟಿನ್ ಮತ್ತು ಇಂಗ್ಲಿಷ್‌ಗಳನ್ನು ಸುತ್ತಿ, ವಿಜ್ಞಾನದ ವೇಷ ತೊಟ್ಟು ಮರಳಿ ಬಂದಿದೆ. ಈ ಪಯಣದಲ್ಲಿ ಅದು ಕೆಲವು ಗೊಂದಲಗಳನ್ನೂ ಹೊತ್ತು ತಂದಿದೆ. ಆ ಗೊಂದಲಗಳು ನಮ್ಮ ಆರೋಗ್ಯಕ್ಕೂ ಬೆಳೆಗೂ ಸಂಬಂಧಿಸಿದವಾದ್ದರಿಂದ ಪದದ ಜಾಡನ್ನು ಹಿಡಿದು ನೋಡುವುದು ಬರಿಯ ಕುತೂಹಲದ ಮಾತಲ್ಲ.

ಪದವನ್ನು ಬಿಡಿಸಿದಾಗ

ಕನ್ನಡದಲ್ಲಿ ಅಡಿಕೆ ಅಥವಾ ಅಡಕೆ. ಮಲಯಾಳದಲ್ಲಿ ಅಡಯ್ಕ್ಕ, ಆಡುಮಾತಿನಲ್ಲಿ ಅಡಕ್ಕ. ತಮಿಳಿನ ಹಳೆಯ ರೂಪ ಅಡೈಕ್ಕಾಯ್. ಈ ಮೂರನ್ನು ಒಂದರ ಕೆಳಗೊಂದು ಬರೆದು ನೋಡಿ. ತಮಿಳಿನ ರೂಪದ ಕೊನೆಯಲ್ಲಿ ‘ಕಾಯ್’ ಎಂಬ ಪದ ಸ್ಪಷ್ಟವಾಗಿ ಕಾಣುತ್ತದೆ. ಮಲಯಾಳದಲ್ಲಿ ಅದು ಸವೆದು ‘ಕ್ಕ’ ಆಗಿದೆ, ಕನ್ನಡದಲ್ಲಿ ಇನ್ನಷ್ಟು ಸವೆದು ‘ಕೆ’ ಆಗಿದೆ. ಅಂದರೆ ಅಡಿಕೆಯ ಕೊನೆಯಲ್ಲಿರುವುದು ನಾವು ದಿನವೂ ಬಳಸುವ ‘ಕಾಯಿ’ಯೇ. ಪದದ ಮೊದಲ ಭಾಗವನ್ನು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ‘ಒತ್ತೊತ್ತಾಗಿ ಅಡಕವಾಗಿರುವುದು’ ಎಂಬ ಅರ್ಥದಿಂದ ವಿವರಿಸಿದ್ದಾರೆ. ಗೊನೆಯಲ್ಲಿ ಕಾಯಿಗಳು ಒಂದಕ್ಕೊಂದು ಒತ್ತಿಕೊಂಡು ಇರುವುದನ್ನು ಕಂಡವರಿಗೆ ಈ ವಿವರಣೆ ವಿಚಿತ್ರವೆನಿಸದು.

ಪದದ ಕೊನೆಯಲ್ಲಿ ‘ಕಾಯ್’ ಸವೆದುಹೋಗುವುದು ಇದೊಂದೇ ಕಡೆಯಲ್ಲ. ಸುಳ್ಯದ ಗಡಿಯಾಚೆ ಕಾಸರಗೋಡಿನಲ್ಲಿ ಮಾವಿನಕಾಯಿಗೆ ಮಾಙ್ಙ, ತೆಂಗಿನಕಾಯಿಗೆ ತೇಙ್ಙ ಎನ್ನುವುದನ್ನು ನೀವು ಕೇಳಿರಬಹುದು. ತಮಿಳಿನ ಮಾಂಗಾಯ್, ತೇಂಗಾಯ್ ಎಂಬ ರೂಪಗಳ ಪಕ್ಕದಲ್ಲಿಟ್ಟರೆ ಅಲ್ಲಿಯೂ ಕಾಯ್ ಅಡಗಿ ಕುಳಿತಿರುವುದು ತಿಳಿಯುತ್ತದೆ. ಇದೇ ಮಾಙ್ಙ ಪೋರ್ಚುಗೀಸರ ಬಾಯಲ್ಲಿ ‘ಮಂಗ’ ಆಗಿ ಇಂಗ್ಲಿಷಿನ ‘ಮ್ಯಾಂಗೊ’ ಆಯಿತು. ಹಾಗಾಗಿ ಇಂಗ್ಲಿಷಿನ ಮ್ಯಾಂಗೊ ಮತ್ತು ಅರೆಕಾ ಎರಡರ ಬಾಲದಲ್ಲೂ ಇರುವುದು ನಮ್ಮ ಕಾಯಿ.

ಡಕಾರ ರಕಾರವಾದ ಬಗೆ

ಅಡಕ್ಕದಲ್ಲಿ ‘ಡ’ ಇದೆ, ಅರೆಕಾದಲ್ಲಿ ‘ರ’ ಇದೆ. ಇದು ಹೇಗಾಯಿತು?

‘ಡ’ ಉಚ್ಚರಿಸುವಾಗ ನಿಮ್ಮ ನಾಲಗೆಯನ್ನು ಗಮನಿಸಿ. ಅದರ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ತಟ್ಟುತ್ತದೆ. ಇಂಥ ಧ್ವನಿಗಳನ್ನು ಮೂರ್ಧನ್ಯ ಎನ್ನುತ್ತೇವೆ. ಪೋರ್ಚುಗೀಸ್ ಭಾಷೆಯಲ್ಲಿ ಮೂರ್ಧನ್ಯ ಡಕಾರವಿಲ್ಲ. ಎರಡು ಸ್ವರಗಳ ನಡುವೆ ಬಂದಾಗ ನಮ್ಮ ‘ಡ’ ಬಹಳ ಹಗುರವಾಗಿ, ಒಂದೇ ತಟ್ಟಿಗೆ ಮುಗಿದುಹೋಗುತ್ತದೆ. ಪೋರ್ಚುಗೀಸರ ‘ರ’ ಕೂಡ ಸ್ವರಗಳ ನಡುವೆ ನಾಲಗೆಯ ಒಂದೇ ತಟ್ಟಿನಿಂದ ಹುಟ್ಟುವ ಧ್ವನಿ. ತನ್ನ ಭಾಷೆಯಲ್ಲಿಲ್ಲದ ಧ್ವನಿಯನ್ನು ಕೇಳಿದ ಕಿವಿ, ತನಗೆ ಗೊತ್ತಿರುವ ಧ್ವನಿಗಳಲ್ಲಿ ಅದಕ್ಕೆ ಅತಿ ಹತ್ತಿರವಾದುದನ್ನು ಆರಿಸಿಕೊಳ್ಳುತ್ತದೆ. ಹೀಗೆ ‘ಅಡಕ್ಕ’ ಅವರ ಬರವಣಿಗೆಯಲ್ಲಿ ‘ಅರೆಕ’ ಆಯಿತು.

ಇದು ಬರಿಯ ಊಹೆಯೇ? ಹಾಗಿದ್ದರೆ ಇದೇ ನಿಯಮ ಬೇರೆಡೆ ಕಾಣಬಾರದು. ಆದರೆ ಕಾಣುತ್ತದೆ, ಅದೂ ಸುಳ್ಯದಿಂದ ಸಂಪಾಜೆಯ ಘಾಟಿ ಹತ್ತಿದ ಕೂಡಲೇ. ಕೊಡಗು ಎಂಬ ಹೆಸರು ಇಂಗ್ಲಿಷರ ಬಾಯಲ್ಲಿ ‘ಕೂರ್ಗ್’ ಆಯಿತು, ಮಡಿಕೇರಿ ‘ಮರ್ಕರಾ’ ಆಯಿತು. ಎರಡರಲ್ಲೂ ಡಕಾರದ ಜಾಗದಲ್ಲಿ ರಕಾರ ಬಂದಿದೆ. ಉತ್ತರ ಭಾರತದ ಗಾಡಿ ಇಂಗ್ಲಿಷಿನಲ್ಲಿ ‘ಗ್ಯಾರಿ’ ಆದದ್ದೂ ಹೀಗೆಯೇ. ಒಂದು ಬದಲಾವಣೆ ಒಂದೇ ಪದದಲ್ಲಿ ಕಂಡರೆ ಅದು ಆಕಸ್ಮಿಕವಿರಬಹುದು. ಬೇರೆ ಬೇರೆ ಪದಗಳಲ್ಲಿ ಅದೇ ಬದಲಾವಣೆ ಅದೇ ಸಂದರ್ಭದಲ್ಲಿ ಮರುಕಳಿಸಿದರೆ ಅದನ್ನು ನಿಯಮವೆಂದು ಒಪ್ಪಬಹುದು. ಪದಗಳ ಮೂಲವನ್ನು ಹುಡುಕುವ ಶಾಸ್ತ್ರ ನಿಂತಿರುವುದು ಈ ತತ್ತ್ವದ ಮೇಲೆ. ಪ್ರಯೋಗಶಾಲೆಯಲ್ಲಿ ಒಂದು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ನೋಡುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಮೂಲ ಯಾವುದು, ಕನ್ನಡವೇ ಮಲಯಾಳವೇ?

‘ಅರೆಕಾ ಎಂಬುದು ಕನ್ನಡದ ಅಡಿಕೆಯಿಂದಲೇ ಬಂದದ್ದು’ ಎಂದು ಹೇಳಿಬಿಡುವ ಉತ್ಸಾಹ ನಮಗೆ ಸಹಜ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಸಾಕ್ಷ್ಯವನ್ನು ಕೇಳಬೇಕು. ಇಲ್ಲಿ ಮೂರು ಸಾಕ್ಷ್ಯಗಳಿವೆ.

ಮೊದಲನೆಯದು ಸ್ಥಳ. ವಾಸ್ಕೊ ಡ ಗಾಮ 1498ರಲ್ಲಿ ತಲಪಿದ್ದು ಕೋಳಿಕ್ಕೋಡಿನ ಸಮೀಪದ ಕರಾವಳಿಗೆ. ಪೋರ್ಚುಗೀಸರ ಮೊದಲ ವ್ಯಾಪಾರ ಸಂಬಂಧಗಳು ಬೆಳೆದದ್ದು ಮಲಯಾಳ ಮಾತನಾಡುವ ನಾಡಿನಲ್ಲಿ. ಎರಡನೆಯದು ಪದದ ರೂಪ. ಅಡಕ್ಕ ಎಂಬುದು ಅಕಾರದಿಂದ ಮುಗಿಯುತ್ತದೆ, ಅರೆಕವೂ ಹಾಗೆಯೇ. ಕನ್ನಡದ ಅಡಿಕೆ ಎಕಾರದಿಂದ ಮುಗಿಯುತ್ತದೆ. ಮೂರನೆಯದು ಬರಹದ ದಾಖಲೆ. ಇಟಲಿಯ ಪ್ರವಾಸಿ ಲುಡೊವಿಕೊ ವರ್ತೆಮಾನ ಪುಸ್ತಕ 1510ರಲ್ಲಿ ಅಚ್ಚಾಯಿತು. ಅದರಲ್ಲಿ ವೀಳ್ಯದೆಲೆಯ ಜೊತೆ ತಿನ್ನುವ ಕಾಯಿಯ ಪ್ರಸ್ತಾಪವಿದ್ದು, ಅದರ ಮರದ ಹೆಸರು ಅರೆಕ ಎಂದಿದೆ. ಗೋವಾದಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಓರ್ಟಾ 1563ರಲ್ಲಿ ಪ್ರಕಟಿಸಿದ ಔಷಧ ದ್ರವ್ಯಗಳ ಗ್ರಂಥದಲ್ಲಿ ಅರೆಕ ಎಂಬುದು ಮಲಬಾರಿನ ನಾಯರ್ ಜನ ಬಳಸುವ ಹೆಸರು ಎಂದು ಹೇಳಿದ್ದಾನೆ. 16ನೆಯ ಶತಮಾನದ ಕೊನೆಯ ಹೊತ್ತಿಗೆ ಪ್ರವಾಸ ಗ್ರಂಥಗಳ ಅನುವಾದಗಳ ಮೂಲಕ ಈ ಪದ ಇಂಗ್ಲಿಷಿಗೂ ಬಂದಿತು.

ಮೂರೂ ಸಾಕ್ಷ್ಯಗಳು ಮಲಯಾಳದ ಕಡೆಗೇ ಬೆರಳು ತೋರಿಸುತ್ತವೆ. ಹಾಗಾದರೆ ಕನ್ನಡದ ಅಡಿಕೆಗೆ ಇಲ್ಲಿ ಜಾಗವಿಲ್ಲವೇ? ಇದೆ. ಅಡಕ್ಕ ಮತ್ತು ಅಡಿಕೆ ಒಂದೇ ತಾಯಿಯ ಮಕ್ಕಳು. ಅರೆಕಾ ಅಡಕ್ಕದ ಮಗಳಾದರೆ ಅಡಿಕೆ ಅದಕ್ಕೆ ಚಿಕ್ಕಮ್ಮ! ಒಂದು ಭಾಷೆ ಇನ್ನೊಂದರಿಂದ ಎರವಲು ಪಡೆದ ಪದ ಬೇರೆ, ಎರಡು ಭಾಷೆಗಳಿಗೂ ಸಮಾನ ಮೂಲದಿಂದ ಬಳುವಳಿಯಾಗಿ ಬಂದ ಪದ ಬೇರೆ. ಈ ವ್ಯತ್ಯಾಸವನ್ನು ಮರೆತು, ಕೇಳಲು ಒಂದೇ ಥರ ಇದ್ದ ಮಾತ್ರಕ್ಕೆ ಪದಗಳಿಗೆ ನಂಟು ಕಟ್ಟುವವರು ನಮ್ಮಲ್ಲಿ ಹಲವರಿದ್ದಾರೆ. ಸ್ಥಳ, ರೂಪ, ದಾಖಲೆ ಈ ಮೂರನ್ನೂ ಕೇಳಿದರೆ ಅಂಥ ಅನೇಕ ನಂಟುಗಳು ಕಳಚಿ ಬೀಳುತ್ತವೆ.

ಒಂದು ಮರ, ಹಲವು ಹೆಸರು

ತುಳುವಿನಲ್ಲಿ ಅಡಿಕೆ ಮರಕ್ಕೆ ಕಂಗ್, ಅಡಿಕೆಗೆ ಬಜ್ಜೈ. ಮರಕ್ಕೆ ಬೇರೆ ಹೆಸರು, ಕಾಯಿಗೆ ಬೇರೆ ಹೆಸರು ಇರುವುದನ್ನು ಗಮನಿಸಿ. ಮಲಯಾಳದಲ್ಲಿಯೂ ಹಾಗೆಯೇ: ಮರ ಕವುಂಗು, ಕಾಯಿ ಅಡಕ್ಕ. ಕನ್ನಡದ ಕಾವ್ಯಗಳಲ್ಲಿ ಬರುವ ಕಂಗು ಇದೇ ಪದ. ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿ ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಅದರ ಮೊದಲ ಸಂಪುಟದಲ್ಲಿ ಅಡಿಕೆ ಮರದ ಚಿತ್ರಗಳಿವೆ. ಅಲ್ಲಿ ಕೊಟ್ಟಿರುವ ಹೆಸರು ‘ಕೌಂಗ’. ವಿಜ್ಞಾನ ಲೋಕ ಆ ಹೆಸರನ್ನು ಆರಿಸಿಕೊಂಡಿದ್ದರೆ ಇಂದು ಪಾಠಪುಸ್ತಕದಲ್ಲಿ ಅರೆಕೇಸಿಯ ಬದಲು ತುಳುವರ ಕಂಗಿಗೆ ಹತ್ತಿರವಾದ ಹೆಸರೊಂದು ಇರುತ್ತಿತ್ತೇನೋ! ಆದರೆ ವ್ಯಾಪಾರದಲ್ಲಿ ಕೈಯಿಂದ ಕೈಗೆ ದಾಟಿದ್ದು ಮರವಲ್ಲ, ಕಾಯಿ. ಹಾಗಾಗಿ ಕಾಯಿಯ ಹೆಸರೇ ಗೆದ್ದಿತು.

ಸಂಸ್ಕೃತದಲ್ಲಿ ಅಡಿಕೆ ಪೂಗ, ಪೂಗಫಲ. ಮರಾಠಿಯ ಪೋಫಳ, ಗೋವಾದ ಕೊಂಕಣಿಯ ಫೋಫಳ್ ಬಂದದ್ದು ಇದರಿಂದ. ಅರಬರು ಇದನ್ನು ಫೌಫಲ್ ಎಂದರು. ಸಂಸ್ಕೃತದಲ್ಲಿ ಗುವಾಕ ಎಂಬ ಇನ್ನೊಂದು ಹೆಸರೂ ಇದೆ. ಅಸ್ಸಾಮಿನಲ್ಲಿ ಅಡಿಕೆಗೆ ಗುವಾ ಎನ್ನುತ್ತಾರೆ. ಗುವಾಹಾಟಿ ಎಂದರೆ ಅಡಿಕೆಯ ಪೇಟೆ ಎಂಬುದು ಆ ಊರಿನ ಹೆಸರಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಮಲೇಷ್ಯಾದ ಪೆನಾಂಗ್ ದ್ವೀಪದ ಹೆಸರೂ ಅಡಿಕೆಯದೇ. ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ.

ಪೆನಾಂಗಿನ ಮಾತು ಬಂದಾಗ ಒಂದು ಸಂಗತಿಯನ್ನು ನೆನಪಿಡಬೇಕು. ಅಡಿಕೆ ಮರದ ತವರು ನಮ್ಮ ಕರಾವಳಿಯಲ್ಲ. ಆಗ್ನೇಯ ಏಷ್ಯಾದ ದ್ವೀಪಗಳು ಎಂಬುದು ಸಸ್ಯವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಮರ ಪೂರ್ವದ ಕಡಲಿನಿಂದ ಬಂದದ್ದು, ಹೆಸರು ಇಲ್ಲಿಯೇ ಹುಟ್ಟಿದ್ದು. ವಸ್ತುವಿನ ಚರಿತ್ರೆ ಮತ್ತು ಅದರ ಹೆಸರಿನ ಚರಿತ್ರೆ ಒಂದೇ ಆಗಿರಬೇಕೆಂದಿಲ್ಲ.

ಲಿನೇಯಸ್ ಇಟ್ಟ ಹೆಸರು ಮತ್ತು ಕಾಚಿನ ಗೊಂದಲ

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಸಸ್ಯ ಪ್ರಭೇದಗಳ ಗ್ರಂಥದಲ್ಲಿ ಅಡಿಕೆಗೆ ‘ಅರೆಕಾ ಕ್ಯಾಟೆಚು’ ಎಂಬ ಹೆಸರಿಟ್ಟ. ಮೊದಲ ಭಾಗ ಕುಲದ ಹೆಸರು, ಎರಡನೆಯದು ಪ್ರಭೇದದ ಹೆಸರು. ಮುಂದೆ ಅರೆಕಾ ಕುಲದಿಂದ ಇಡೀ ಕುಟುಂಬಕ್ಕೆ ಅರೆಕೇಸಿ ಎಂಬ ಹೆಸರು ಬಂದಿತು. ಸುಮಾರು 2,600 ಪ್ರಭೇದಗಳ ಈ ಕುಟುಂಬಕ್ಕೆ ‘ಪಾಮೆ’ ಎಂಬ ಹಳೆಯ ಹೆಸರೂ ಇದೆ. ಸಸ್ಯನಾಮಕರಣದ ನಿಯಮಗಳು ಎರಡನ್ನೂ ಒಪ್ಪುತ್ತವೆ.

ಪ್ರಭೇದದ ಹೆಸರಾದ ‘ಕ್ಯಾಟೆಚು’ ಎಲ್ಲಿಂದ ಬಂತು? ವೀಳ್ಯಕ್ಕೆ ಕೆಂಪು ಬಣ್ಣ ಮತ್ತು ಒಗರು ಕೊಡಲು ಸೇರಿಸುವ ಕಾಚು ನಿಮಗೆ ಗೊತ್ತಿರಬೇಕು. ಕನ್ನಡದ ಕಾಚು, ಮಲಯದ ಕಾಚು, ಇಂಗ್ಲಿಷಿನ ಕ್ಯಾಟೆಚು ಒಂದೇ ಬಳಗದ ಪದಗಳು. ಆದರೆ ಕಾಚು ಮುಖ್ಯವಾಗಿ ತಯಾರಾಗುವುದು ಅಡಿಕೆಯಿಂದಲ್ಲ. ಕಗ್ಗಲಿ ಅಥವಾ ಕಾಚಿನ ಮರ ಎಂದು ಕರೆಯುವ, ಜಾಲಿಯ ಬಳಗದ ಮರದ ಚೇಗನ್ನು ನೀರಿನಲ್ಲಿ ಬೇಯಿಸಿ, ಆ ರಸವನ್ನು ಬತ್ತಿಸಿದರೆ ಕಾಚು ದೊರೆಯುತ್ತದೆ.

ಹಾಗಿದ್ದರೂ ಅಡಿಕೆಗೆ ಕಾಚಿನ ಹೆಸರು ಏಕೆ ಅಂಟಿತು? ಮಲೆನಾಡಿನಲ್ಲಿ ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಪು ರಸವೇ ಚೊಗರು. ಅದರಲ್ಲಿಯೂ ಕಾಚಿನಲ್ಲಿರುವಂತೆಯೇ ಒಗರಾದ ಟ್ಯಾನಿನ್‌ಗಳಿರುತ್ತವೆ. ಮೈಸೂರು ಸೀಮೆಯಲ್ಲಿ ಅಡಿಕೆ ಬೇಯಿಸಿದ ರಸದಿಂದಲೂ ಒಂದು ಬಗೆಯ ಕಾಚನ್ನು ಮಾಡುತ್ತಿದ್ದುದನ್ನು 19ನೆಯ ಶತಮಾನದ ಬರಹಗಳು ದಾಖಲಿಸಿವೆ. ಎರಡೂ ಕೆಂಪು, ಎರಡೂ ಒಗರು, ಎರಡೂ ವೀಳ್ಯದ ತಟ್ಟೆಯಲ್ಲಿ ಒಟ್ಟಿಗೇ ಇರುವಂಥವು. ದೂರದ ಯೂರೋಪಿನಲ್ಲಿ ಕುಳಿತವರಿಗೆ ಇವು ಕಲಸಿಹೋದದ್ದು ಆಶ್ಚರ್ಯವಲ್ಲ. ಆಮೇಲೆ ಲಿನೇಯಸನ ಮಗ ಕಾಚಿನ ಮರಕ್ಕೂ ‘ಕ್ಯಾಟೆಚು’ ಎಂಬ ಹೆಸರನ್ನೇ ಇಟ್ಟ. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮರಗಳು ಒಂದೇ ಪ್ರಭೇದನಾಮವನ್ನು ಹೊತ್ತಿವೆ. ಒಮ್ಮೆ ನಿಯಮದಂತೆ ಪ್ರಕಟವಾದ ಹೆಸರನ್ನು ಅದರ ಅರ್ಥ ಸರಿಯಿಲ್ಲ ಎಂಬ ಕಾರಣಕ್ಕೆ ಬದಲಿಸುವಂತಿಲ್ಲ. ಆದ್ದರಿಂದ ಗೊಂದಲವೂ ಶಾಶ್ವತವಾಯಿತು.

ಪ್ರಯೋಗಶಾಲೆಗೆ ಬಂದ ಅಡಿಕೆ

1888ರಲ್ಲಿ ಜರ್ಮನಿಯ ಯಾನ್ಸ್ ಎಂಬ ವಿಜ್ಞಾನಿ ಅಡಿಕೆಯ ಆಲ್ಕಲಾಯ್ಡ್‌ಗಳ ಬಗ್ಗೆ ವರದಿ ಮಾಡಿದ. ಅಡಿಕೆ ತಿಂದಾಗ ಜೊಲ್ಲು ಸುರಿಯುವುದು, ಮೈ ಬೆಚ್ಚಗಾಗಿ ಬೆವರುವುದು, ಹೊಸಬರಿಗೆ ತಲೆ ಸುತ್ತುವುದು ಇವುಗಳಿಗೆ ಮುಖ್ಯ ಕಾರಣವಾದ ವಸ್ತುವಿಗೆ ‘ಅರೆಕೊಲಿನ್’ ಎಂದು ಹೆಸರು. ಅದರ ಅಣುವಿನಲ್ಲಿ 8 ಇಂಗಾಲ, 13 ಹೈಡ್ರೊಜನ್, 1 ನೈಟ್ರೊಜನ್ ಮತ್ತು 2 ಆಕ್ಸಿಜನ್ ಪರಮಾಣುಗಳಿವೆ. ನಾಯಿಗಳ ಹೊಟ್ಟೆಯ ಲಾಡಿಹುಳುಗಳನ್ನು ಹೊರಹಾಕಲು ಇದರ ಲವಣವನ್ನು ಔಷಧವಾಗಿ ಬಳಸುತ್ತಿದ್ದರು.

ಅಡಿಕೆಯ ಮುಖ್ಯ ಆಲ್ಕಲಾಯ್ಡ್‌ಗಳು ನಾಲ್ಕು: ಅರೆಕೊಲಿನ್, ಅರೆಕೈಡಿನ್, ಗುವಾಕೊಲಿನ್, ಗುವಾಸಿನ್. ಈ ಹೆಸರುಗಳನ್ನು ಬಿಡಿಸಿ ನೋಡಿ. ಮೊದಲ ಎರಡರಲ್ಲಿ ದ್ರಾವಿಡದ ಅಡಕ್ಕ ಇದೆ, ಕೊನೆಯ ಎರಡರಲ್ಲಿ ಸಂಸ್ಕೃತದ ಗುವಾಕ ಇದೆ! ಹೆಸರುಗಳಂತೆ ಇವುಗಳ ರಚನೆಯಲ್ಲೂ ಜೋಡಿಗಳಿವೆ. ಅರೆಕೊಲಿನ್ ಎಂಬುದು ಅರೆಕೈಡಿನ್‌ನ ಮೀಥೈಲ್ ಎಸ್ಟರ್. ಗುವಾಕೊಲಿನ್ ಎಂಬುದು ಗುವಾಸಿನ್‌ನ ಮೀಥೈಲ್ ಎಸ್ಟರ್. ಎಸ್ಟರುಗಳು ಕ್ಷಾರದ ಸಂಪರ್ಕದಲ್ಲಿ ಜಲವಿಭಜನೆ ಹೊಂದುತ್ತವೆ ಎಂದು ನೀವು ಓದಿದ್ದೀರಿ. ವೀಳ್ಯದೆಲೆಗೆ ಸವರುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಆದ್ದರಿಂದ ಎಲೆ, ಅಡಿಕೆ, ಸುಣ್ಣ ಸೇರಿಸಿ ಜಗಿಯುವವರ ಬಾಯಿಯಲ್ಲಿ ಅರೆಕೊಲಿನ್‌ನ ಒಂದು ಭಾಗ ಅರೆಕೈಡಿನ್ ಆಗಿ, ಗುವಾಕೊಲಿನ್‌ನ ಒಂದು ಭಾಗ ಗುವಾಸಿನ್ ಆಗಿ ಬದಲಾಗುತ್ತದೆ. ಎಸ್ಟರಿನ ಜಲವಿಭಜನೆಗೆ ಇದಕ್ಕಿಂತ ಪರಿಚಿತವಾದ ಉದಾಹರಣೆ ನಮ್ಮ ಜಿಲ್ಲೆಯ ಅಧ್ಯಾಪಕರಿಗೆ ಸಿಗಲಾರದು.

ಕಾಚಿನ ಹೆಸರೂ ರಸಾಯನ ವಿಜ್ಞಾನದಲ್ಲಿ ಹರಡಿದೆ. ಕಾಚಿನಲ್ಲಿ ದೊರೆತ ವಸ್ತು ಕ್ಯಾಟೆಚಿನ್. ಅದನ್ನು ಒಣ ಬಟ್ಟಿ ಇಳಿಸಿ 1839ರಲ್ಲಿ ರೈನ್ಷ್ ಎಂಬಾತ ಪಡೆದ ವಸ್ತುವೇ ಕ್ಯಾಟೆಕಾಲ್; ಬೆಂಜೀನ್ ಉಂಗುರದಲ್ಲಿ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಗುಂಪುಗಳಿರುವ ಸಂಯುಕ್ತ. ಅಡ್ರಿನಲಿನ್, ಡೋಪಮಿನ್ ಮುಂತಾದವುಗಳ ಅಣುವಿನಲ್ಲಿ ಇದೇ ರಚನೆ ಇರುವುದರಿಂದ ಅವುಗಳಿಗೆ ಕ್ಯಾಟೆಕಾಲಮೀನ್‌ಗಳು ಎಂಬ ಹೆಸರು. ಹೆದರಿದಾಗ ನಮ್ಮ ಎದೆ ಬಡಿತವನ್ನು ಹೆಚ್ಚಿಸುವ ರಾಸಾಯನಿಕದ ವರ್ಗನಾಮದಲ್ಲಿ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯ ಕಾಚು ಅಡಗಿದೆ!

ಹೆಸರು ತಪ್ಪಿದರೆ ಏನಾಗುತ್ತದೆ?

ಇಂಗ್ಲಿಷಿನಲ್ಲಿ ಅಡಿಕೆಗೆ ‘ಬೀಟಲ್ ನಟ್’ ಎಂಬ ಹೆಸರೂ ಇದೆ. ಪತ್ರಿಕೆಗಳಲ್ಲಿ, ಕೆಲವು ವೈದ್ಯಕೀಯ ಬರಹಗಳಲ್ಲಿ ಕೂಡ ಇದನ್ನು ಕಾಣಬಹುದು. ಇಲ್ಲಿನ ‘ಬೀಟಲ್’ ಬಂದದ್ದು ಮಲಯಾಳದ ವೆಟ್ಟಿಲದಿಂದ, ಅದೂ ಪೋರ್ಚುಗೀಸರ ಮೂಲಕ. ವೆಟ್ಟಿಲ ಎಂದರೆ ವೀಳ್ಯದೆಲೆ. ‘ಬರಿಯ ಎಲೆ’ ಎಂಬುದು ಪದದ ಅರ್ಥ. ಮಲಯಾಳದ ವೆರು ಮತ್ತು ಕನ್ನಡದ ಬರಿ ಸಮಾನ ಮೂಲದವು. ತುಳುವಿನ ಬಚ್ಚಿರೆ ಕೂಡ ಇದೇ ಪದದ ಸೋದರಿ. ವೀಳ್ಯದ ಬಳ್ಳಿ ಕರಿಮೆಣಸಿನ ಕುಲಕ್ಕೆ ಸೇರಿದ್ದು, ವೈಜ್ಞಾನಿಕ ಹೆಸರು ಪೈಪರ್ ಬೀಟಲ್. ಅದರಲ್ಲಿ ಅಡಿಕೆ ಬಿಡುವುದಿಲ್ಲ. ಹಾಗಾಗಿ ಬೀಟಲ್ ನಟ್ ಎಂದರೆ ‘ವೀಳ್ಯದೆಲೆಯ ಕಾಯಿ’ ಎಂದಂತೆ. ಜೊತೆಗೆ ತಿನ್ನುತ್ತಾರೆಂಬ ಕಾರಣಕ್ಕೆ ಎಲೆಯ ಹೆಸರನ್ನು ಕಾಯಿಗೆ ಅಂಟಿಸಲಾಗಿದೆ.

ಇದರಿಂದ ನಷ್ಟವೇನು? ಎಲೆಯಡಿಕೆ ಎಂಬುದು ಎಲೆ, ಅಡಿಕೆ, ಸುಣ್ಣ, ಕೆಲವೊಮ್ಮೆ ಕಾಚು, ಕೆಲವೊಮ್ಮೆ ಹೊಗೆಸೊಪ್ಪು ಸೇರಿದ ಮಿಶ್ರಣ. ಯಾವ ಅಂಶ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಒಂದೊಂದನ್ನೂ ಬೇರೆ ಮಾಡಿ ಹೆಸರಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1985ರಲ್ಲಿ ಪ್ರಕಟಿಸಿದ ತೀರ್ಮಾನದಲ್ಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದಿತು. ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯ ಬಗ್ಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಹೊಗೆಸೊಪ್ಪು ಬಳಸದವರ ಅಧ್ಯಯನಗಳು ಬಂದವು. ಅವುಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಮೊದಲನೆಯ ಗುಂಪಿಗೆ, ಅಂದರೆ ಕ್ಯಾನ್ಸರ್‌ಕಾರಕ ಎಂದು ಖಚಿತವಾದವುಗಳ ಗುಂಪಿಗೆ ಸೇರಿಸಿತು. ಅರೆಕೊಲಿನ್ ಎಂಬ ಒಂಟಿ ವಸ್ತುವನ್ನು 2020ರಲ್ಲಿ ಪರಿಶೀಲಿಸಿ ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ಗುಂಪಿಗೆ ಸೇರಿಸಿತು. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯೂ ಕಾಣಿಸಿಕೊಳ್ಳುತ್ತದೆ.

ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು ಮಾತ್ರ. ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನು ಅವು ಹೇಳುವುದಿಲ್ಲ. ಅಡಿಕೆಯಿಂದಲೇ ಬದುಕುವ ಈ ಮೂರು ತಾಲೂಕುಗಳಲ್ಲಿ ಇಂಥ ವರದಿಗಳು ಆತಂಕ ತರುವುದು ಸಹಜ. ಆದರೆ ‘ತೊಂದರೆ ಹೊಗೆಸೊಪ್ಪಿನಿಂದ ಮಾತ್ರ’ ಎಂದು ಸಮಾಧಾನ ಪಡುವುದಕ್ಕೂ, ‘ಎಲೆಯಡಿಕೆಯಲ್ಲಿರುವುದೆಲ್ಲ ವಿಷ’ ಎಂದು ಹೇಳಿಬಿಡುವುದಕ್ಕೂ ಪುರಾವೆ ಅವಕಾಶ ಕೊಡುವುದಿಲ್ಲ. ಬೆಳೆಯುವವರೂ ತಿನ್ನುವವರೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಧ್ಯಯನದಲ್ಲಿ ಪರೀಕ್ಷಿಸಿದ್ದು ಯಾವುದನ್ನು? ಎಲೆಯನ್ನೋ, ಅಡಿಕೆಯನ್ನೋ, ಮಿಶ್ರಣವನ್ನೋ, ಅದರಲ್ಲಿರುವ ಒಂದು ವಸ್ತುವನ್ನೋ? ‘ಬೀಟಲ್ ನಟ್’ ಎಂಬ ಹೆಸರು ಈ ಪ್ರಶ್ನೆಯನ್ನೇ ಮಸುಕು ಮಾಡುತ್ತದೆ. ‘ಅರೆಕಾ ನಟ್’ ಎಂಬುದು ಅದನ್ನು ಸ್ಪಷ್ಟಪಡಿಸುತ್ತದೆ.

ಹೆಸರಿನ ಗೊಂದಲಕ್ಕೆ ಇನ್ನೆರಡು ಉದಾಹರಣೆಗಳನ್ನು ಹೇಳಬಹುದು. ನರ್ಸರಿಗಳಲ್ಲಿ ‘ಅರೆಕಾ ಪಾಮ್’ ಎಂದು ಮಾರುವ ಅಲಂಕಾರದ ಗಿಡ ಅಡಿಕೆಯಲ್ಲ. ಅದು ಮಡಗಾಸ್ಕರ್ ಮೂಲದ, ಇದೇ ಕುಟುಂಬದ ಬೇರೊಂದು ಕುಲದ ಸಸ್ಯ. ಇನ್ನೊಂದು, ನಮ್ಮ ‘ಕೊಳೆರೋಗ’. ಈ ಕನ್ನಡ ಪದವೂ ವಿಜ್ಞಾನದ ಲ್ಯಾಟಿನ್ ಹೆಸರಿನಲ್ಲಿ ಸೇರಿದೆ. 1876ರಲ್ಲಿ ಕುಕ್ ಎಂಬ ಶಿಲೀಂಧ್ರ ತಜ್ಞ ಕಾಫಿಯ ಎಲೆ ಕೊಳೆಸುವ ಶಿಲೀಂಧ್ರಕ್ಕೆ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟ. ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದವರು ಲೆಸ್ಲಿ ಕೋಲ್‌ಮನ್. ಅದಕ್ಕೆ ಕಾರಣ ಫೈಟಾಫ್ತೊರ ಎಂಬ ಬೇರೆಯೇ ಗುಂಪಿನ ಜೀವಿ. ಇಂದು ಅದನ್ನು ನಿಜವಾದ ಶಿಲೀಂಧ್ರಗಳ ಸಾಲಿಗೂ ಸೇರಿಸುವುದಿಲ್ಲ. ಹೆಸರು ಒಂದೇ, ರೋಗಕಾರಕ ಬೇರೆ.

ತರಗತಿಯಲ್ಲಿ ಮಾಡಿ ನೋಡಿ

ಪುತ್ತೂರಿನ ಸಮೀಪದ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಸಂಶೋಧನ ಕೇಂದ್ರವಿದೆ. ಮಂಗಳ, ಸುಮಂಗಳ ಮುಂತಾದ ತಳಿಗಳು ಹೊರಬಂದದ್ದು ಅಲ್ಲಿಂದ. ಕಡಬ ಸಮೀಪದ ಕಿದುವಿನಲ್ಲಿ ತೆಂಗಿನ ತಳಿಗಳ ಅಂತಾರಾಷ್ಟ್ರೀಯ ಸಂಗ್ರಹವಿದೆ. ಪುತ್ತೂರಿನಲ್ಲಿ ಗೇರು ಸಂಶೋಧನ ನಿರ್ದೇಶನಾಲಯವಿದೆ. ಹೀಗಿರುವಾಗ ಇಲ್ಲಿನ ಅಧ್ಯಾಪಕರಿಗೆ ಸಸ್ಯಗಳಿಗೂ ಹೆಸರುಗಳಿಗೂ ಕೊರತೆಯಿಲ್ಲ.

ವಿದ್ಯಾರ್ಥಿಗಳಿಗೆ ಒಂದು ತೋಟದ ಸಸ್ಯಗಳ ಪಟ್ಟಿ ಮಾಡಲು ಹೇಳಿ. ಪ್ರತಿಯೊಂದಕ್ಕೂ ಮನೆಮಾತಿನ ಹೆಸರು, ಕನ್ನಡದ ಹೆಸರು, ಇಂಗ್ಲಿಷ್ ಹೆಸರು, ವೈಜ್ಞಾನಿಕ ಹೆಸರು ಎಂಬ ನಾಲ್ಕು ಕಲಮುಗಳಿರಲಿ. ತರಗತಿಯಲ್ಲಿ ತುಳು, ಅರೆಭಾಷೆ, ಹವ್ಯಕ, ಕೊಂಕಣಿ, ಬ್ಯಾರಿ, ಮಲಯಾಳ ಮಾತನಾಡುವ ಮಕ್ಕಳಿದ್ದರೆ ಮೊದಲ ಕಲಮು ಶ್ರೀಮಂತವಾಗುತ್ತದೆ. ಆಮೇಲೆ ಯಾವ ಹೆಸರುಗಳು ಇಲ್ಲಿಂದ ಹೊರಗೆ ಹೋದವು, ಯಾವುವು ಹೊರಗಿನಿಂದ ಬಂದವು ಎಂದು ವಿಂಗಡಿಸಿ.

ಅಡಿಕೆ ಮರಗಳ ನಡುವೆ ಬೆಳೆಯುವ ಕೊಕ್ಕೊದ ಹೆಸರು ಮೆಕ್ಸಿಕೊದ ನಾವಾಟಲ್ ಭಾಷೆಯ ಕಕಾವಾಟಲ್ ಎಂಬ ಪದದಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. ಕಾಜು ಮತ್ತು ಅದರ ಇಂಗ್ಲಿಷ್ ಹೆಸರು ಕ್ಯಾಶ್ಯು ಎರಡೂ ಬ್ರೆಜಿಲ್‌ನ ತುಪಿ ಭಾಷೆಯ ಅಕಾಜು ಎಂಬ ಪದದಿಂದ ಬಂದವು. ಅನಾನಸೂ ಅಲ್ಲಿಯದೇ. ಅರೆಕವನ್ನು ಕೊಂಡೊಯ್ದ ಪೋರ್ಚುಗೀಸರೇ ಕಾಜುವನ್ನು ತಂದರು. ಒಂದು ತೋಟದ ಬೇಲಿಯೊಳಗೆ ಹೊರಗೆ ಹೋದ ಹೆಸರೂ ಒಳಗೆ ಬಂದ ಹೆಸರೂ ನೆರೆಹೊರೆಯಾಗಿ ನಿಂತಿವೆ.

ಪಟ್ಟಿ ಮಾಡುವಾಗ ಪ್ರತಿ ಹೆಸರಿಗೂ ಮೂರು ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ. ಈ ಹೆಸರು ಸೂಚಿಸುವುದು ಮರವನ್ನೋ, ಅದರ ಒಂದು ಭಾಗವನ್ನೋ, ಅದರಿಂದ ಮಾಡಿದ ಪದಾರ್ಥವನ್ನೋ? ಈ ಹೆಸರು ಬೇರೆ ಯಾವುದಕ್ಕಾದರೂ ಇದೆಯೇ? ಇದು ಎಲ್ಲಿಂದ ಬಂತು ಎನ್ನಲು ಸಾಕ್ಷ್ಯವೇನು? ಈ ಮೂರು ಪ್ರಶ್ನೆ ಕೇಳಿದವರಿಗೆ ಅರೆಕೇಸಿ ಎಂಬುದು ಬಾಯಿಪಾಠದ ಹೆಸರಾಗಿ ಉಳಿಯುವುದಿಲ್ಲ.